ಮಲಗಿ ನೋಡಿ ಕೊಂಡ ವ್ಯಾನು

ಹಾಸಿಗೆ ಹೊಲಿಯುವವನಿಗೇ ಹಾಸಿಗೆಯ ಮೇಲೆ ನಿದ್ದೆ ಬರುವುದಿಲ್ಲ ಎಂದರೆ ಯಾರು ನಂಬುತ್ತಾರೆ? ನಮ್ಮ ಬೀದಿಯ ಹಾಸಿಗೆಯವನ ಕಷ್ಟ ಅದೇ ಆಗಿತ್ತು. ಹಗಲೆಲ್ಲ ಹತ್ತಿ ತುಂಬಿ, ಉದ್ದ ಸೂಜಿಯಲ್ಲಿ ಹೊಲಿದು ಮನೆಗೆ ಬಂದು ಒರಗಿದರೆ ಕೈ ತನ್ನಷ್ಟಕ್ಕೆ ತಡಕುತ್ತಿತ್ತು: ಇಲ್ಲಿ ಗಂಟಾಗಿದೆ, ಅಲ್ಲಿ ಹತ್ತಿ ಜಾರಿದೆ. ಒಮ್ಮೆ ಕಾಡಿನಂಚಿನ ಮನೆಯೊಂದಕ್ಕೆ ಹಾಸಿಗೆ ತಲುಪಿಸಲು ಹೋದವನು, ಮನೆಯವರು ಬರುವವರೆಗೆಂದು ಬಾಡಿಗೆ ಟೆಂಪೋದಲ್ಲೇ ಅಡ್ಡಾಗಿ ಸಂಜೆಯ ತನಕ ಗೊರಕೆ ಹೊಡೆದ. ಎದ್ದವನೇ ತೀರ್ಮಾನಿಸಿದ: ತನಗೆ ಬೇಕಾದದ್ದು ಮಾತ್ರೆಯಲ್ಲ, ಗಾಡಿ. ಮಣ್ಣುದಾರಿ ಹತ್ತುವಂಥ, ಒಳಗೆ ಇಬ್ಬರು ಕಾಲು ಚಾಚುವಂಥ ಹಳೆಯ ಗಾಡಿ.

ಅವನಿಗೆ ಗಾಡಿ ಓಡಿಸಲು ಬರುತ್ತಿರಲಿಲ್ಲ. ಹೆಂಡತಿ ಡ್ರೈವಿಂಗ್ ಶಾಲೆಯಲ್ಲಿ ಕಲಿಸುವವಳು; ಗಂಡನಿಗೂ ಕಲಿಸಲು ಹೋಗಿ ಮೊದಲ ದಿನವೇ, "ನೀವು ಪಕ್ಕದಲ್ಲಿ ಕೂತ್ರೇ ಚೆಂದ" ಎಂದು ಕೈಬಿಟ್ಟಿದ್ದಳು. ಆದರೂ ಆರಿಸುವ ಕೆಲಸ ತನ್ನದೇ ಎಂದು ಅವನು ಹಟ ಹಿಡಿದ. ಎಲ್ಲಿಗೆ ಹೋದರೂ ಸುರುಳಿ ಸುತ್ತಿದ ಹಾಸಿಗೆ ಹೆಗಲ ಮೇಲಿರುತ್ತಿತ್ತು.

"ಓಡ್ಸಿ ನೋಡಲ್ವಾ?" ಎಂದು ಮಾರುವವರು ಕೇಳುತ್ತಿದ್ದರು.

"ಅದನ್ನ ಇವಳು ನೋಡ್ತಾಳೆ. ನಾನು ಮಲಗಿ ನೋಡ್ತೀನಿ."

ಮೊದಲು ನೋಡಿದ ಜೀಪು ಎಂಥ ಗುಡ್ಡವನ್ನಾದರೂ ಏರುವಂಥದ್ದು. ಆದರೆ ಅದರೊಳಗೆ ಮಲಗಬೇಕೆಂದರೆ ಮಂಡಿಗಳನ್ನು ಎಲ್ಲಾದರೂ ಬಿಚ್ಚಿಟ್ಟು ಬರಬೇಕಿತ್ತು. ಆಮೇಲೆ ನೋಡಿದ ತೆರೆದ ಪಿಕಪ್ಪಿನಲ್ಲಿ ನಿಜವಾಗಿಯೂ ನಿದ್ದೆ ಹತ್ತಿತು; ಮುಖದ ಮೇಲೆ ಮಳೆ ಬಿದ್ದಾಗ ಎದ್ದು ಕೂತು, "ಇದು ಬೇಡ" ಎಂದ.

ಮೂರನೆಯದು ಒಬ್ಬ ಬ್ಯಾಂಡಿನವನ ಹಳೆಯ ವ್ಯಾನು. ಅದನ್ನು ನೋಡಲು ಅತ್ತೆಯೂ ಹೊರಟರು. ಮಗಳ ಮನೆಯಲ್ಲೇ ಇದ್ದ ಅತ್ತೆ ಮೈಕೈ ತುಂಬಿಕೊಂಡ ಹೆಂಗಸು. ಮಾತು ಶುರುಮಾಡಿದರೆ ಗೋಡೆ ಗಡಿಯಾರವೂ ನಿಂತು ಕೇಳಬೇಕು. ಕಾಡಿಗೆ ಹೋದರೆ ಅವರಿಂದಲೂ ಕೊಂಚ ಬಿಡುವು ಸಿಗುತ್ತದೆಂಬ ಆಸೆಯನ್ನು ಅಳಿಯ ಬಾಯಿಬಿಟ್ಟು ಹೇಳಿರಲಿಲ್ಲ.

ವ್ಯಾನಿನ ಇಂಜಿನ್ನು ಹಿಂದೆ, ಅದರ ಮೇಲೆ ಅಗಲವಾದ ಹಲಗೆ. ಹಾಸಿಗೆ ಬಿಚ್ಚಿದರೆ ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು. ಕೆಳಗಿನಿಂದ ಹಿತವಾದ ಬಿಸಿ. ಹಾಸಿಗೆಯವನು ಮಲಗಿದವನು ಏಳಲೇ ಇಲ್ಲ.

"ಇಂಜಿನ್ ಭಾರ ಹಿಂದಿನ ಚಕ್ರದ ಮೇಲಿರತ್ತೆ, ಮಣ್ಣಲ್ಲಿ ಹಿಡಿತ ಬಿಡಲ್ಲ" ಎಂದ ಬ್ಯಾಂಡಿನವನು. "ಮುಂದೆ ಮಾತ್ರ ಹಗುರ. ಏರು ಬಂದ್ರೆ ಮೂಗು ಎತ್ತತ್ತೆ, ಸ್ಟೀರಿಂಗ್ ಹೇಳಿದ ಮಾತು ಕೇಳಲ್ಲ. ನಾನು ದೊಡ್ಡ ಡ್ರಮ್ಮನ್ನ ಮುಂದೆ ಇಟ್ಕೋತಿದ್ದೆ."

ಅವನ ಮನೆಯ ಹಿಂದಿನ ಜಲ್ಲಿಗುಡ್ಡದಲ್ಲಿ ಪರೀಕ್ಷೆ ನಡೆಯಿತು. ಅತ್ತೆ ಕೊಡೆ ಹಿಡಿದು ಕೆಳಗೆ ನಿಂತರು. ವ್ಯಾನು ಗುರುಗುಟ್ಟುತ್ತ ಏರಿತು, ತಿರುವು ಬಂತು, ವ್ಯಾನು ಮಾತ್ರ ನೆಟ್ಟಗೆ ಹೋಗಿ ಪೊದೆಗೆ ನುಗ್ಗಿತು.

"ನಾನು ತಿರುಗಿಸ್ತಾನೇ ಇದೀನಿ. ಇದಕ್ಕೆ ಗೊತ್ತಾಗ್ತಿಲ್ಲ" ಎಂದಳು ಹೆಂಡತಿ.

"ಎಷ್ಟು ಹಾಯಾಗಿದೆ" ಎಂದು ಹಿಂದಿನಿಂದ ದನಿ ಬಂತು.

ಪೊದೆಯಿಂದ ಹೊರಬಂದ ಮೇಲೆ ಡ್ರಮ್ಮಿನ ಮಾತು ಎಲ್ಲರಿಗೂ ನೆನಪಾಯಿತು. ಆದರೆ ಯಾರೂ ಅತ್ತೆಯ ಕಡೆ ನೋಡಲಿಲ್ಲ. ನೋಡದೆ ಇದ್ದದ್ದೇ ಸ್ವಲ್ಪ ಹೆಚ್ಚಾಯಿತು.

"ಯಾಕೆ ಎಲ್ರೂ ಆಕಾಶ ನೋಡ್ತಿದೀರಾ? ಬಾಗಿಲು ತೆಗೀರಿ" ಎಂದು ಅತ್ತೆ ಮುಂದಿನ ಸೀಟು ಹತ್ತಿ ಕೂತರು. ಈ ಸಲ ವ್ಯಾನು ಕಿವಿ ಹಿಂಡಿಸಿಕೊಂಡ ಮಗುವಿನ ಹಾಗೆ ತಿರುವಿನಲ್ಲಿ ತಿರುಗಿ ಗುಡ್ಡದ ತುದಿ ಮುಟ್ಟಿತು.

"ಡ್ರಮ್ಮಿಗಿಂತ ಚೆನ್ನಾಗಿ ಕೂತ್ಕೊಳ್ತು" ಎಂದ ಬ್ಯಾಂಡಿನವನಿಗೆ ತಾನು ಏನಂದೆನೆಂಬುದು ಆಮೇಲೆ ಹೊಳೆದು, ಚಹಾ ತರುತ್ತೇನೆಂದು ಒಳಗೆ ಹೋದವನು ಬಹಳ ಹೊತ್ತು ಬರಲಿಲ್ಲ.

ಅಳಿಯ ಯೋಚನೆಗೆ ಬಿದ್ದ. ಜೀಪು ಕೊಂಡರೆ ಅತ್ತೆ ಮನೆಯಲ್ಲಿರುತ್ತಾರೆ, ನಿದ್ದೆ ಇಲ್ಲ. ವ್ಯಾನು ಕೊಂಡರೆ ನಿದ್ದೆ ಇದೆ, ಅತ್ತೆಯೂ ಇರುತ್ತಾರೆ. ಕೊನೆಗೆ ಮಂಡಿಗಳ ಮಾತೇ ಗೆದ್ದಿತು. ವ್ಯಾನು ಮನೆಗೆ ಬಂತು.

ಅತ್ತೆ ಕಿರಿಮಗಳ ಮನೆಗೆ ಹೋಗಿದ್ದಾಗ ಒಮ್ಮೆ ಗಂಡಹೆಂಡಿರು ಇಬ್ಬರೇ ಹೊರಟರು. ಮುಂದಿನ ಸೀಟಿಗೆ ಭಾರ ಬೇಕಲ್ಲ ಎಂದು ಹಾಸಿಗೆಯವನು ಅಂಗಡಿಯ ಅತಿ ದೊಡ್ಡ ಮೂಟೆಯನ್ನು ಹೊತ್ತು ತಂದು ಕಟ್ಟಿದ. ದೊಡ್ಡದೇನೋ ನಿಜ, ಆದರೆ ಅದರೊಳಗಿದ್ದದ್ದು ಹತ್ತಿ. ಮೊದಲ ಏರಿನಲ್ಲೇ ವ್ಯಾನು ದಾರಿ ಬಿಟ್ಟು ಕೆರೆಯಂಚಿನ ಕೆಸರಿಗಿಳಿಯಿತು. ಅಲ್ಲಿಂದಲೇ ಅವನು ಫೋನು ಮಾಡಿದ.

"ಅತ್ತೆ, ಯಾವಾಗ ಬರ್ತೀರಾ?"

ಅಳಿಯ ಈ ಪ್ರಶ್ನೆ ಕೇಳಿದ್ದು ಅದೇ ಮೊದಲು. ಅತ್ತೆ, "ಎಲ್ಲಿ ಹೂತಿದೆ?" ಎಂದರು. ಮರುದಿನದ ಬಸ್ಸಿಗೇ ಹೊರಟು ಬಂದರು.

ಈಗ ಅವರು ಮಗಳ ಹತ್ತಿರ ಡ್ರೈವಿಂಗ್ ಕಲಿಯುತ್ತಿದ್ದಾರೆ. ಸ್ಟೀರಿಂಗಿನ ಹಿಂದೆ ಕೂತರೂ ಭಾರ ಮುಂದೆಯೇ ಇರುತ್ತದಲ್ಲ ಎಂಬುದು ಅವರ ವಾದ. ಹಾಸಿಗೆಯವನು ಹಿಂದೆ ಕೂತು, ಬ್ರೇಕೇ ಇಲ್ಲದ ಜಾಗದಲ್ಲಿ ಕಾಲು ಒತ್ತುತ್ತಿರುತ್ತಾನೆ.