ಮುಹೂರ್ತದ ದರವನ್ನು ತಲೆಬರಹ ಮಾಡಿದವನು

ರುದ್ರೇಶನ ಎಡಗೈಯ ಮೂರು ಬೆರಳು ಈಗ ಮಡಚುವುದಿಲ್ಲ. ಹತ್ತಿ ಚೀಲ ಎಳೆಯುವ ಕಬ್ಬಿಣದ ಕೊಕ್ಕೆಯಿಂದ ಅವನ್ನು ಮುರಿದವಳು ಮದ್ದಿಕೇರ ಕಡೆಯ ಹುಸೇನಮ್ಮ. ಪೊಲೀಸರು ಎರಡು ಸಲ ಕೇಳಿದರೂ ಅವನು ಆಕೆಯ ಹೆಸರು ಹೇಳಲಿಲ್ಲ. ಅದು ಅವನ ದೊಡ್ಡತನವೆಂದು ಕೆಲವರು ಹೊಗಳುತ್ತಾರೆ. ದೊಡ್ಡತನವೂ ಅಲ್ಲ, ಮಣ್ಣೂ ಅಲ್ಲ. ತಪ್ಪು ಯಾರದೆಂದು ಅವನಿಗೆ ಗೊತ್ತಿತ್ತು.

ಗಡಿಯೂರು ಆದೋನಿಯ ಹತ್ತಿ ಮಾರುಕಟ್ಟೆ ಯಾರ್ಡಿನ ಗೇಟಿನೆದುರು ಅವನದೊಂದು ಝೆರಾಕ್ಸ್ ಅಂಗಡಿ. ಹನ್ನೆರಡು ವರ್ಷದಿಂದ ಅಲ್ಲಿ ಕೂತೇ ದಿನದ ಹತ್ತಿ ದರದ ವೆಬ್‌ಸೈಟ್ ನಡೆಸುತ್ತಿದ್ದ, ಕನ್ನಡ ತೆಲುಗು ಎರಡರಲ್ಲೂ. ಖರೀದಿದಾರರು ಬೆಲೆ ಕಟ್ಟುವ ಟೆಂಡರ್ ಮುಗಿಯುತ್ತಲೇ ಒಳಗೆ ಹೋಗಿ ಕೇಳಿ, ಅತಿ ಕಡಿಮೆಯದನ್ನೂ ಅತಿ ಹೆಚ್ಚಿನದನ್ನೂ ಬಿಟ್ಟು, ಬಹಳ ಜನರಿಗೆ ಸಿಕ್ಕ ದರ ಯಾವುದೋ ಅದನ್ನೇ ಮೇಲೆ ಹಾಕುತ್ತಿದ್ದ. ಖರೀದಿದಾರರಿಗೆ ಇದು ಹಿಡಿಸಲಿಲ್ಲ. ದರ ತಿಳಿದ ರೈತ ಹಳ್ಳಿಯಲ್ಲೇ ಅಗ್ಗಕ್ಕೆ ಕೊಡುವುದಿಲ್ಲವಲ್ಲ! ಮೊದಲ ವರ್ಷವೇ ಅವರ ಆಳುಗಳು ಅವನನ್ನು ಗೋದಾಮಿನ ಹಿಂದಕ್ಕೆ ಎಳೆದೊಯ್ದು ಎರಡು ಹಲ್ಲು ಉದುರಿಸಿದರು, ಫೋನನ್ನು ಕಲ್ಲಿಗಿಟ್ಟು ಜಜ್ಜಿದರು. ಮರುದಿನ ಬಾಯಿಗೆ ಬಟ್ಟೆ ಕಟ್ಟಿಕೊಂಡು ಬಂದು ದರ ಹಾಕಿದ. ಅಂದಿನಿಂದ ಸುತ್ತಲ ಹಳ್ಳಿಗಳು ಅವನನ್ನು ನಂಬಿದವು. ಆದೋನಿಯ ಹತ್ತಿ ದರ ಎಂದು ಯಾರು ಹುಡುಕಿದರೂ ಮೊದಲು ಬರುತ್ತಿದ್ದುದು ಅವನ ಪುಟ. ಅದರ ಜಾಹೀರಾತಿನಿಂದಲೇ ಮನೆ ನಡೆಯುತ್ತಿತ್ತು.

ಹೋದ ವರ್ಷ ಮಳೆಗಾಲದಲ್ಲಿ, ಇಂಟರ್ನೆಟ್ಟಿನಲ್ಲಿ ಹುಡುಕಿಕೊಡುವ ಕಂಪನಿ ಯಾವ ಪುಟ ಮೇಲೆ ಯಾವುದು ಕೆಳಗೆ ಎಂಬ ತನ್ನ ನಿಯಮ ಬದಲಿಸಿತು. ಯಾರನ್ನೂ ಕೇಳಲಿಲ್ಲ. ಒಂದು ಮಂಗಳವಾರ ಬೆಳಗ್ಗೆ ರುದ್ರೇಶನ ಪುಟ ಮೊದಲ ಸ್ಥಾನದಿಂದ ಮೂವತ್ತನೆಯದಕ್ಕೆ ಬಿದ್ದಿತ್ತು. ಮೇಲೇರಿ ಕೂತಿದ್ದವು ಹತ್ತಿ ಗಿಡವನ್ನೇ ಕಾಣದವರು ಯಂತ್ರದಿಂದ ಬರೆಸಿದ ಪುಟಗಳು. ಅವುಗಳಲ್ಲೊಂದು ಒಣ ಬಯಲಿನ ಆದೋನಿಯನ್ನು ಸಮುದ್ರ ತೀರದಲ್ಲಿಟ್ಟಿತ್ತು. ರುದ್ರೇಶ ಕಾಗದ ಹಾರದಂತೆ ಇಟ್ಟಿದ್ದ ಕಲ್ಲೆತ್ತಿ ಮಾನಿಟರಿಗೆ ಬೀಸಿದ. ಗಾಜು ಸಿಡಿದು, ಪಕ್ಕದಲ್ಲಿದ್ದ ಹೆಂಡತಿ ತ್ರಿವೇಣಿಯ ಹುಬ್ಬು ಸೀಳಿತು.

"ಹೊಡಿಯೋದಾದ್ರ ಅವ್ರನ್ನ ಹೊಡಿ," ಎಂದಳು ಆಕೆ, ಸೆರಗನ್ನು ಗಾಯಕ್ಕೆ ಒತ್ತಿಕೊಂಡು. "ನನ್ನ ಮಕ ನಿನಗೇನ್ ಮಾಡಿತ್ತು?"

"ಎಲ್ಲಿ ಅದಾರ ಅಂತ ಗೊತ್ತಿದ್ರ ಬಿಡತಿದ್ನೇನ?"

ಹಲ್ಲು ಉದುರಿಸಿದವರಿಗೆ ಮುಖವಿತ್ತು, ಹೆಸರಿತ್ತು, ಅಂಗಡಿಯಿತ್ತು. ಹೊಟ್ಟೆಗೆ ಒದ್ದ ಇವರಿಗೆ ಹೋಗಿ ಬಡಿಯಲು ಒಂದು ಬಾಗಿಲೂ ಇಲ್ಲ. ಒಂಬತ್ತು ದೂರು ಬರೆದ. ಯಂತ್ರ ಒಂಬತ್ತು ಸಲ ಧನ್ಯವಾದ ಹೇಳಿತು.

ಕೊನೆಗೆ ಪುಟಗಳನ್ನು ಮೇಲೇರಿಸಿಕೊಡುವ ಸಲಹೆಗಾರನೊಬ್ಬ ಫೋನಿನಲ್ಲಿ ಸಿಕ್ಕಿ ದಾರಿ ತೋರಿಸಿದ: "ತಲೆಬರಹದಾಗ ದೊಡ್ಡ ಅಂಕಿ ಇರಬೇಕ್ರಿ ಸಾರ್. ನಿಮ್ಮದು ಖರೇನೇ ಇರಬೌದು. ಖರೇದನ್ನ ಯಾರು ಒತ್ತತಾರ?" ರುದ್ರೇಶ ಫೋನ್ ಇಟ್ಟ. ಎರಡು ತಿಂಗಳು ತಡೆದ. ಆಮೇಲೆ ತಡೆಯಲಿಲ್ಲ.

ದಸರಾ ಮುಗಿದು ಯಾರ್ಡು ತೆರೆಯುವ ದಿನ ಅಲ್ಲೊಂದು ಮುಹೂರ್ತದ ಪದ್ಧತಿ. ಮೊದಲ ಚೀಲಕ್ಕೆ ಹೂ ಹಾಕಿ, ಕಾಯಿ ಒಡೆದು, ದೊಡ್ಡ ಖರೀದಿದಾರನೊಬ್ಬ ಶಕುನಕ್ಕೆಂದು ಅದನ್ನು ಬಾಯಿಗೆ ಬಂದ ಬೆಲೆಗೆ ಕೊಳ್ಳುತ್ತಾನೆ. ಆ ಬೆಲೆ ಆ ಒಂದು ಚೀಲಕ್ಕೆ ಮಾತ್ರ. ಯಾರ್ಡಿನ ಹಮಾಲಿಗೂ ಇದು ಗೊತ್ತು. ಹನ್ನೆರಡು ವರ್ಷ ರುದ್ರೇಶ ಆ ದರವನ್ನು ಬರೆದೇ ಇರಲಿಲ್ಲ. ಈ ಸಲ ಸೋಮಶೇಖರಪ್ಪ ಎಂಬ ಖರೀದಿದಾರ ಹನ್ನೊಂದು ಸಾವಿರ ಕೂಗಿದ. ಉಳಿದ ಹತ್ತಿಯೆಲ್ಲ ಏಳು ಸಾವಿರದ ಆಸುಪಾಸು ಹೋಯಿತು. ರುದ್ರೇಶ ಬರೆದ: ಆದೋನಿಯಲ್ಲಿ ಹತ್ತಿ ಕ್ವಿಂಟಲಿಗೆ ಹನ್ನೊಂದು ಸಾವಿರ! ಅದು ಮುಹೂರ್ತದ ಚೀಲದ್ದು ಎಂಬ ಮಾತು ಎಂಟು ಸಾಲು ಕೆಳಗೆ, ಸಣ್ಣ ಅಕ್ಷರದಲ್ಲಿ. ಸುಳ್ಳು ಅನ್ನುವ ಹಾಗಿಲ್ಲ. ಸುಳ್ಳಿಗಿಂತ ಹೊಲಸು.

ಸಂಜೆಯೊಳಗೆ ಪುಟ ಮೊದಲ ಸ್ಥಾನಕ್ಕೆ ಏರಿತು.

ಹುಸೇನಮ್ಮನಿಗೆ ಓದು ಬಾರದು. ಮಗಳು ಶ್ರಾವಣಿ ಫೋನಿನಲ್ಲಿ ಮೇಲಿನ ಸಾಲು ಓದಿ ಹೇಳಿದಳು. ರುದ್ರೇಶನ ಪುಟ ಎಂದಮೇಲೆ ಇನ್ನೇನು ಕೇಳುವುದು? ಬಾಗಿಲಿಗೆ ಬಂದಿದ್ದ ವ್ಯಾಪಾರವನ್ನು ಮುರಿದು, ನೆರೆಯ ನಾಲ್ಕು ಮನೆಯವರನ್ನೂ ಒಪ್ಪಿಸಿ, ಎಲ್ಲರ ಹತ್ತಿಯನ್ನೂ ಒಂದೇ ವ್ಯಾನಿಗೆ ತುಂಬಿಸಿದಳು. ಇಂಥವರು ನೂರಾರು. ಗುರುವಾರ ಬೆಳಗ್ಗೆ ಯಾರ್ಡಿನ ಗೇಟಿನಿಂದ ಊರಾಚೆಯವರೆಗೆ ಗಾಡಿಗಳ ಸಾಲು ನಿಂತಿತು. ಅಷ್ಟು ಹತ್ತಿ ಕಂಡದ್ದೇ ತಡ, ಖರೀದಿದಾರರು ದರವನ್ನು ಐದೂವರೆ ಸಾವಿರಕ್ಕೆ ಇಳಿಸಿದರು.

"ಹನ್ನೊಂದು ಎಲ್ಲೈತ್ರಿ ಸಾವುಕಾರ್ರೇ?" ಹುಸೇನಮ್ಮ ಕೇಳಿದಳು.

"ಆ ವೆಬ್‌ಸೈಟಿನಾಗ ಐತಲ್ಲವ್ವಾ!" ಕಟ್ಟೆಯ ಮೇಲೆ ಚಹಾ ಹೀರುತ್ತಿದ್ದ ಸೋಮಶೇಖರಪ್ಪ ನಕ್ಕ. "ಹೋಗು, ಅಲ್ಲೇ ಮಾರು."

ಹಮಾಲಿಯ ಕೈಯಿಂದ ಕೊಕ್ಕೆ ಕಿತ್ತುಕೊಂಡು ಆಕೆ ನೇರವಾಗಿ ರುದ್ರೇಶನ ಅಂಗಡಿಗೆ ನಡೆದಳು. ಹಿಂದೆ ಐವತ್ತು ಅರವತ್ತು ಜನ.

"ನಿನ್ನ ಮಾತು ಹಿಡಕೊಂಡು ನಾಕು ಮನೀ ಮಾಲು ತಂದೀನಿ. ನೀನೇ ಬರ್ದಿಯೇನಲೇ?"

"ಕೆಳಗ ಬರ್ದೀನಿ ಅಕ್ಕಾ, ಮುಹೂರ್ತದ್ದು ಅಂತ..."

"ಕೆಳಗ? ಯಾರ ಕಾಲ ಕೆಳಗ ಬರ್ದಿ?"

ತಲೆಗೆ ಬಂದ ಪೆಟ್ಟಿಗೆ ಅವನು ಕೈ ಅಡ್ಡ ಹಿಡಿದ. ಎಲುಬು ಮುರಿದ ಸದ್ದು ಬಾಗಿಲಲ್ಲಿ ನಿಂತವರಿಗೂ ಕೇಳಿತು. ಆಮೇಲೆ ಯಾರು ಹೊಡೆದರು, ಯಾರು ಬಿಟ್ಟರು ಎಂಬುದಿಲ್ಲ. ಕಾಲು ಹಿಡಿದು ರಸ್ತೆಗೆ ಎಳೆದು ತುಳಿದರು. ಝೆರಾಕ್ಸ್ ಯಂತ್ರವನ್ನು ಅವನ ಪಕ್ಕದಲ್ಲೇ ಎತ್ತಿ ಹಾಕಿ ಒಡೆದರು. ತ್ರಿವೇಣಿ ಅವನ ಮೇಲೆ ಬಿದ್ದು ಅಡ್ಡವಾದಳು. ಆಕೆಯ ಬೆನ್ನಿಗೂ ಬಿತ್ತು. ಕಟ್ಟೆಯ ಮೇಲಿನ ಖರೀದಿದಾರರು ಚಹಾ ಮುಗಿಸಿದರು.

ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗ ಸಲಹೆಗಾರನ ಫೋನು: "ಸಾರ್, ನಿಮ್ಮ ಪುಟ ರಾಜ್ಯಕ್ಕೇ ನಂಬರ್ ಒನ್!" ರುದ್ರೇಶ ಹೆಂಡತಿಗೆ ಹೇಳಿದ: "ತಲೆಬರಹ ತೆಗಿ. ದರ ಬಿದ್ದೈತಿ, ಆದೋನಿಗೆ ಬರಬ್ಯಾಡ್ರಿ ಅಂತ ಹಾಕು."

ಹಾಕಿದಳು. ಆದರೆ ಹುಡುಕಿದರೆ ಬರುತ್ತಿದ್ದುದು ಹಳೆಯ ಸಾಲೇ, ಹನ್ನೊಂದು ಸಾವಿರ. ಕಂಪನಿಯ ಯಂತ್ರ ಮತ್ತೆ ಈ ಕಡೆ ತಿರುಗಿ ನೋಡುವವರೆಗೂ ಅದು ಹಾಗೆಯೇ ಇರುತ್ತದೆ. ಎರಡು ದಿನವಾಗಬಹುದು, ವಾರವೂ ಆಗಬಹುದು.

"ಇನ್ನೂ ಬರ್ತಾರ," ಎಂದು ರುದ್ರೇಶ ಎದ್ದ. ಬೇಡವೆಂದು ನರ್ಸು ಕೂಗಿದಳು, ತ್ರಿವೇಣಿ ಆಟೋ ಕರೆದಳು.

ಶುಕ್ರವಾರ ಬೆಳಗ್ಗೆ ಆಸ್ಪರಿ ರಸ್ತೆಯ ನಡುವೆ, ತಲೆಗೆ ಪಟ್ಟಿ, ಕೈಗೆ ಪ್ಲಾಸ್ಟರ್, ಒಬ್ಬ ಮನುಷ್ಯ ಹತ್ತಿ ಗಾಡಿಗಳಿಗೆ ಅಡ್ಡ ನಿಂತಿದ್ದ. ಮೊದಲ ಲಾರಿ ಅವನನ್ನು ಬಳಸಿ ಹೋಯಿತು. ಎರಡನೆಯದರ ಡ್ರೈವರ್ ಅವನನ್ನು ಚರಂಡಿಗೆ ನೂಕಿದ. ಅವನು ಎದ್ದು ಮತ್ತೆ ಬಂದ. ಮೂರನೆಯ ಗಾಡಿಯಿಂದ ಯರ್ರೆಪ್ಪ ಎಂಬ ಪತ್ತಿಕೊಂಡದ ಮುದುಕ ಇಳಿದ.

"ಯಾರಲೇ ನೀನು? ಅಲ್ಲಿ ಹನ್ನೊಂದೈತಂತಲ್ಲ?"

"ಇಲ್ಲ ಯಜಮಾನ್ರೇ. ಹಂಗಂತ ಬರ್ದವನು ನಾನೇ."

ಯರ್ರೆಪ್ಪ ಅವನ ಪಟ್ಟಿಯನ್ನೂ ಪ್ಲಾಸ್ಟರನ್ನೂ ನೋಡಿದ. ಆಮೇಲೆ ಕೆನ್ನೆಗೆ ಬಾರಿಸಿದ, ಪಟ್ಟಿ ಕಳಚಿ ರಕ್ತ ಬರುವ ಹಾಗೆ. ಹತ್ತಿ ಗಾಡಿ ತಿರುಗಿಸಲು ಡ್ರೈವರಿಗೆ ಹೇಳಿದ.

ಹಿಂದಿದ್ದ ನಾಲ್ಕು ಗಾಡಿಗಳೂ ತಿರುಗಿದವು. ರುದ್ರೇಶ ಅಲ್ಲೇ ನಿಂತಿದ್ದ, ಮುಂದಿನ ಗಾಡಿಗಾಗಿ.