ಹೊಳೆಆಲೂರಿನ ಮೇಲಿನ ದಾರಿ

ಗಜೇಂದ್ರಗಡದ ಪೇಟೆಯಲ್ಲಿ ಹೊನ್ನವ್ವ ನೇಯ್ದ ಸೀರೆಗೆ ಹೆಸರಿತ್ತು. ಸಾವಿರದ ಒಂಬೈನೂರ ಐವತ್ತಾರರ ಮಳೆಗಾಲದ ಹೊತ್ತಿಗೆ ಅವಳಿಗೆ ನೂಲಿನೆಳೆಯ ಬಣ್ಣವೇ ತಿಳಿಯದಾಯಿತು. ಮುಂಬಯಿಗೆ ಹೋಗಿ ಆಪರೇಷನ್ ಮಾಡಿಸಬೇಕು, ಆದರೂ ಕಣ್ಣು ಉಳಿಯುವ ಭರವಸೆಯಿಲ್ಲ ಎಂದರು ಡಾಕ್ಟರು.

"ಮುಂಬಯಿಗೆ ಲೋಂಡಾದ ಮ್ಯಾಲೆ ಹೋಗೂಣು," ಎಂದ ಗಂಡ ಅಂದಾನಪ್ಪ. "ದಟ್ಟ ಅಡವಿ, ಗುಡ್ಡ, ಝರಿ. ನೀ ಒಮ್ಮೆನೂ ನೋಡಿಲ್ಲ. ನಾಳೆ ಹ್ಯಾಂಗೋ ಏನೋ."

"ಬ್ಯಾಡ್ರಿ, ಸೊಲ್ಲಾಪುರದ ಮ್ಯಾಲೆ ಹೋಗೋ ಗಾಡಿ ಹೊಳೆಆಲೂರಾಗ ನಿಲ್ತೈತ್ರಿ. ಮೆಣಸಗಿಯಿಂದ ಅವ್ವ ಬಂದ್ರ ಆಕಿ ಮಾರಿ ನೋಡ್ತೀನಿ. ಅಡವಿ ಇರ್ಲಿ ಬಿಡ್ರಿ."

ಅವ್ವ ಚನ್ನವ್ವನಿಗೆ ಸುದ್ದಿ ಕಳಿಸಿದರು. ಆದರೆ ಹೊರಟ ದಿನವೇ ಮಲಪ್ರಭೆ ತುಂಬಿ, ಹಳ್ಳದ ನೀರು ಮೆಣಸಗಿಯ ದಾರಿಗೆ ಬಂದಿತ್ತು. ಹೊಳೆಆಲೂರಿನಲ್ಲಿ ಗಾಡಿ ನಿಂತಾಗ ಹೊನ್ನವ್ವ ಕಿಟಕಿಯ ಸರಳಿಗೆ ಹಣೆಯೊತ್ತಿ ಹುಡುಕಿದಳು. ಎಲ್ಲ ಮುಖಗಳೂ ಮಂಜು ಮಂಜು. ಅಂದಾನಪ್ಪ ಕೆಳಗಿಳಿದು "ಚನ್ನವ್ವತ್ತೀ!" ಎಂದು ಕೂಗುತ್ತ ಓಡಾಡಿದ. ಗಾರ್ಡ್ ಸೀಟಿ ಊದಿದ. ಅಂದಾನಪ್ಪ ಸೋತ ಮೋರೆಯಲ್ಲಿ ಗಾಡಿ ಹತ್ತಿದ. ಹೊನ್ನವ್ವ ತಾನೇ ಹಟ ಹಿಡಿದು ಆರಿಸಿದ ದಾರಿ ಇದು.

ಆಗ ಸೊಂಟದವರೆಗೆ ತೊಯ್ದ ಮುದುಕಿಯೊಬ್ಬಳು ಏದುಸಿರು ಬಿಡುತ್ತ ಬಂದು ಸರಳು ಹಿಡಿದಳು.

"ಹೊನ್ನೀ, ನಾನಽ ಬಂದೀನಿ!"

ಅಷ್ಟು ಹತ್ತಿರಕ್ಕೆ ಬಂದ ಆ ಮುಖ ಮಾತ್ರ ಸ್ಪಷ್ಟವಾಗಿ ಕಂಡಿತು. ಸುಕ್ಕುಗಟ್ಟಿದ ಹಣೆ, ನಡುಗುವ ತುಟಿ. ಹೊನ್ನವ್ವ ಆ ಕೆನ್ನೆ ಸವರುವಷ್ಟರಲ್ಲಿ ಗಾಡಿ ಜಗ್ಗಿತು.

ಬಾದಾಮಿಯ ಕೆಂಪು ಗುಡ್ಡಗಳು ಬಂದಾಗ ಅಂದಾನಪ್ಪ ನೋಡೆಂದು ಅವಳನ್ನು ಕರೆದ. ಅವಳು ಕಣ್ಣು ಮುಚ್ಚಿ ಕೂತಿದ್ದಳು.

"ಈಗ ಬ್ಯಾಡ್ರಿ, ಅವ್ವನ ಮಾರಿ ಇನ್ನೂ ಕಣ್ಣಾಗ ಐತಿ," ಎಂದಳು.

ಮುಂಬಯಿಯಲ್ಲಿ ಅವಳಿಗೆ ಒಂದು ಕಣ್ಣು ಉಳಿಯಿತು.