ಒಲೆಯ ಮೇಲಿದ್ದ ಹಾಲು

ದೆವ್ವ, ಶಕುನ, ಕನಸಿನಲ್ಲಿ ಬಂದು ಹೇಳಿಹೋಗುವ ಹಿರಿಯರು, ಇಂಥ ಮಾತು ಬಂದಾಗಲೆಲ್ಲ ನಕ್ಕವನು ನಾನು. ಗೋವೆಯ ಕುಂಡಯಿಯಲ್ಲಿ ಒಂದು ಕಾರ್ಖಾನೆಯ ಬಾಯ್ಲರ್ ನೋಡಿಕೊಳ್ಳುವುದು ನನ್ನ ಕೆಲಸ. ಎಷ್ಟು ಬೆಂಕಿಗೆ ಎಷ್ಟು ಉಗಿ ಎಂಬ ಲೆಕ್ಕದಲ್ಲೇ ನನ್ನ ಅನ್ನ ಹುಟ್ಟುತ್ತದೆ. ಧಾರವಾಡದ ನಮ್ಮ ಮನೆಯಲ್ಲಿ ಹಲ್ಲಿ ಲೊಚಗುಟ್ಟಿದರೆ ಅವ್ವ ಮಾತು ನಿಲ್ಲಿಸಿ ನೆಲಕ್ಕೆ ಬೆರಳು ಬಡಿಯುತ್ತಿದ್ದಳು. ಪಾಪ, ಹಲ್ಲಿಗೆ ಹಸಿವಾಗಿರಬೇಕು ಎಂದು ನಾನು ಕಾಡುತ್ತಿದ್ದೆ. ಆದ್ದರಿಂದ ಈಗ ಹೇಳಲಿರುವುದನ್ನು ನೀವು ನಂಬದಿದ್ದರೆ ನನಗೇನೂ ಬೇಸರವಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ.

ಕೆಲವು ವರ್ಷಗಳ ಹಿಂದೆ ನಾನೂ ನನ್ನ ಹೆಂಡತಿ ಸುಧಾಳೂ ಪೋಂಡಾದ ಒಂದು ಬಾಡಿಗೆ ಮನೆಯಲ್ಲಿದ್ದೆವು. ಆ ಮನೆ ಹೊಕ್ಕ ದಿನ ಅವಳು ನಮ್ಮ ಕಡೆಯ ರೂಢಿಯಂತೆ ಒಲೆಗೆ ಅರಿಶಿನ ಕುಂಕುಮ ಹಚ್ಚಿ ಹಾಲು ಉಕ್ಕಿಸಿದ್ದಳು. ಹಾಲು ಉಕ್ಕಿ ಚೆಲ್ಲಿದ ಮೇಲೆಯೇ ಹೊಸ ಮನೆ ನಮ್ಮದಾಗುವುದು. ಅದು ಮೂಡಣ ದಿಕ್ಕಿಗೇ ಚೆಲ್ಲಿತೆಂದು ಅವಳಿಗೆ ಹಿಗ್ಗೋ ಹಿಗ್ಗು. ಅದೇ ಮನೆಯಲ್ಲಿ ಏಳನೆಯ ತಿಂಗಳಲ್ಲಿ ನಮ್ಮ ಕೂಸು ಹೊಟ್ಟೆಯಲ್ಲೇ ತೀರಿಕೊಂಡಿತು. ಬೆಳಗಾವಿಯ ತವರಿಗೆ ಹೋದ ಸುಧಾ ತಿರುಗಿ ಬರಲಿಲ್ಲ. ಫೋನಿನಲ್ಲಿ ಊಟ ಆಯಿತೇ ಎಂದು ಕೇಳುತ್ತಿದ್ದಳು, ಆಯಿತು ಎನ್ನುತ್ತಿದ್ದೆ. ನಮ್ಮ ಸಂಸಾರ ಅಷ್ಟಕ್ಕೆ ಬಂದು ನಿಂತಿತ್ತು. ಪೋಂಡಾದ ಮನೆಗೆ ಕಾಲಿಡುವುದಿಲ್ಲ ಎಂದಳು. ಬೇರೆ ಮನೆ ಹುಡುಕುತ್ತೇನೆ, ಒಮ್ಮೆ ಬಂದು ನೋಡು ಎಂದು ಗೋಗರೆದೆ. ಕೊನೆಗೆ ಒಪ್ಪಿದಳು. ಮನಸ್ಸಿಗೆ ಹಿಡಿಸದಿದ್ದರೆ ಅವತ್ತೇ ಬಸ್ಸು ಹತ್ತುವುದಾಗಿಯೂ, ಆಮೇಲೆ ತನ್ನನ್ನು ಕರೆಯಬಾರದೆಂದೂ ಹೇಳಿದಳು. ಅವಳು ಬೆದರಿಸುತ್ತಿರಲಿಲ್ಲ, ದಣಿದಿದ್ದಳು. ಅದೇ ನನಗೆ ಹೆಚ್ಚಿನ ಭಯ ಹುಟ್ಟಿಸಿತು.

ಮದುವೆಯಾದ ಹೊಸದರಲ್ಲಿ ಪಣಜಿಯ ಫೊಂಟೆನ್ಹಾಸ್ ಎಂಬ ಹಳೆಯ ಕೇರಿಗೆ ಅವಳನ್ನು ಕರೆದೊಯ್ದಿದ್ದೆ. ಪೋರ್ಚುಗೀಸರ ಕಾಲದ ಓಣಿಗಳು ಅವು. ಇದ್ದರೆ ಇಂಥಲ್ಲಿ ಇರಬೇಕು ಎಂದು ಅವಳು ಸುಮ್ಮನೆ ಆಡಿದ ಮಾತು ನನ್ನ ತಲೆಯಲ್ಲಿ ಕೂತಿತ್ತು. ಸರಿ, ರವಿವಾರ ಬಂತೆಂದರೆ ಅಲ್ಲಿ ಅಲೆಯತೊಡಗಿದೆ. ಹಳದಿ, ನೀಲಿ, ಕೆಂಪು ಗೋಡೆಗಳು, ಗಾಜಿನ ಬದಲು ಸಿಂಪಿನ ಚಿಪ್ಪು ಕೂರಿಸಿದ ಕಿಟಕಿಗಳು, ಒಂದು ಸ್ಕೂಟರ್ ಬಂದರೆ ನಡೆಯುವವರು ಯಾರದೋ ಮೆಟ್ಟಿಲು ಹತ್ತಿ ನಿಲ್ಲಬೇಕಾದ ಸಂದಿಗಳು. ಪ್ರತಿ ಬಾಗಿಲ ಮುಂದೆಯೂ ಫೋಟೋ ತೆಗೆಸಿಕೊಳ್ಳುವ ಪ್ರವಾಸಿಗರು. ನೋಡಲು ಚಂದ, ಮನೆ ಸಿಗುವುದು ಮಾತ್ರ ಕಷ್ಟ. ದಿನದ ಬಾಡಿಗೆ ಕೊಡುವ ಪ್ರವಾಸಿಗರು ಇರುವಾಗ ತಿಂಗಳ ಬಾಡಿಗೆಯವನು ಯಾರಿಗೆ ಬೇಕು? ಕರ್ನಾಟಕದವರು ಎಂದೊಡನೆ ಬಾಗಿಲು ಅರ್ಧ ಮುಚ್ಚಿದವರೂ ಇದ್ದರು. ಘಟ್ಟ ಇಳಿದು ಬಂದ ನಾವು ಅಲ್ಲಿಯವರ ಬಾಯಲ್ಲಿ ‘ಘಾಟಿ’ಗಳು.

ಅಂತೂ ಫಿಲೋಮೆನಾ ಎಂಬ ವಯಸ್ಸಾದ ವಿಧವೆಯೊಬ್ಬರು ಒಪ್ಪಿದರು. ಅವರಿದ್ದದ್ದು ಮೇಲಿನ ಮಹಡಿಯಲ್ಲಿ. ಕೆಳಗಿನ ಎರಡು ಕೋಣೆ, ಅಡುಗೆಮನೆ ಖಾಲಿಯಿದ್ದವು. ನಾವು ಮೀನು ತಿನ್ನುವುದಿಲ್ಲ ಎಂದಾಗ ಆಂಟಿ ನನ್ನನ್ನು ಕನಿಕರದಿಂದ ನೋಡಿ, ಹಾಗಾದರೆ ಊಟಕ್ಕೆ ಏನು ಮಾಡುತ್ತೀರಿ ಎಂದು ಹಿಂದಿಯಲ್ಲಿ ಕೇಳಿದರು. ಮನೆಗೆ ಉದ್ದನೆಯ ಕಬ್ಬಿಣದ ಬೀಗದ ಕೈ, ಅದೂ ಒಂದೇ. ಇನ್ನೊಂದು ಗಂಡನ ಕಾಲದಲ್ಲೇ ಕಳೆದಿತ್ತಂತೆ. ಹಿಂದಿನ ಬಾಗಿಲಿಗೆ ಒಳಗಿನಿಂದ ಅಗಳಿ. ಅಡುಗೆಮನೆಯಲ್ಲಿ ಹಳೆಯ ಗ್ಯಾಸ್ ಒಲೆಯಿತ್ತು, ಸಿಲಿಂಡರ್ ಇರಲಿಲ್ಲ. ಶನಿವಾರ ಸಂಜೆ ನಾನೇ ಕಸ ಗುಡಿಸಿ, ಒಲೆ ಒರೆಸಿ, ಬೀಗ ಹಾಕಿ ಬಂದೆ.

ಮರುದಿನ ಬೆಳಿಗ್ಗೆ ಸುಧಾ ಪಣಜಿಯ ಬಸ್‌ಸ್ಟ್ಯಾಂಡಿನಲ್ಲಿ ಇಳಿದಳು. ಕೈಯಲ್ಲಿ ಒಂದೇ ಚೀಲ. ಮಧ್ಯಾಹ್ನದ ಬಸ್ಸಿಗೆ ಟಿಕೆಟ್ ಮಾಡಿಸಿಕೊಂಡೇ ಬಂದಿದ್ದಳು. ಸ್ಕೂಟರಿನಲ್ಲಿ ನನ್ನ ಕಾಲ ಬಳಿ ಗೆಳೆಯನಿಂದ ಎರವಲು ತಂದ ಸಣ್ಣ ಸಿಲಿಂಡರ್ ಇತ್ತು. ದಾರಿಯಲ್ಲಿ ನಿಂತು ಒಂದು ಹಾಲಿನ ಪ್ಯಾಕೆಟ್ ಕೊಂಡೆ. ನನಗೆ ಹಾಲು ಉಕ್ಕಿಸುವುದರಲ್ಲಿ ಯಾವ ನಂಬಿಕೆಯೂ ಇರಲಿಲ್ಲ. ನನಗೆ ಬೇಕಾಗಿದ್ದದ್ದು ಮೂಡಣಕ್ಕೆ ಚೆಲ್ಲಿತೆಂದು ಹಿಗ್ಗಿದ ಆ ಸುಧಾ. ಅವಳು ಪ್ಯಾಕೆಟ್ ನೋಡಿ ಮುಖ ತಿರುಗಿಸಿದಳು.

“ಪೋಂಡಾದಾಗ ಉಕ್ಕಿಸಿದ್ದೆ. ಏನಾತ್ರಿ? ನನ್ನ ಕೈಲೆ ಇನ್ನೊಮ್ಮಿ ಆಗೂದಿಲ್ಲ” ಎಂದಳು.

ಫೊಂಟೆನ್ಹಾಸಿನ ಮನೆಯ ಮುಂದೆ ಸ್ಕೂಟರ್ ನಿಲ್ಲಿಸಿದೆ. ಬೀಗ ತೆಗೆದು ಬಾಗಿಲು ನೂಕಿದೆ. ಮೊದಲು ಬಂದದ್ದು ವಾಸನೆ. ಒಲೆಯ ಮೇಲೆ ಚೆಲ್ಲಿ ಸೀದ ಹಾಲಿನ ವಾಸನೆ ಯಾರಿಗೆ ಗೊತ್ತಿಲ್ಲ? ಒಳಗೆ ಹೋದೆವು. ಒಲೆಯ ಮೇಲೆ ಹಿತ್ತಾಳೆಯ ಒಂದು ತಪೇಲಿ, ಅದರ ತುಂಬ ಹಾಲು. ಉಕ್ಕಿ ಹೊರಗೆ ಹರಿದ ಗುರುತು ತಪೇಲಿಯ ಮೈಮೇಲೆ ಇನ್ನೂ ಒದ್ದೆಯಿತ್ತು. ಕೆನೆ ಕಟ್ಟಿತ್ತು, ಹಬೆ ಏಳುತ್ತಿತ್ತು. ಬೆರಳು ಅದ್ದಿದೆ, ಸುಟ್ಟಿತು. ಬರ್ನರ್ ಮುಟ್ಟಿದೆ, ಬಿಸಿಯಿತ್ತು. ಒಲೆಯ ರಬ್ಬರ್ ಕೊಳವೆಯ ತುದಿ ಹಿಂದಿನ ದಿನದಂತೆಯೇ ಖಾಲಿ ಜೋತಾಡುತ್ತಿತ್ತು. ನಮ್ಮ ಸಿಲಿಂಡರ್ ಇನ್ನೂ ಸ್ಕೂಟರಿನಲ್ಲೇ ಇತ್ತು.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ, ಪ್ರಮಾಣಿಸಿ ನೋಡಿದೆ. ಹಿಂದಿನ ಬಾಗಿಲ ಅಗಳಿ ಹಾಕಿದಂತೆಯೇ ಇತ್ತು. ಕಿಟಕಿಗಳಿಗೆ ಸರಳುಗಳಿದ್ದವು. ಅಷ್ಟರಲ್ಲಿ ಫಿಲೋಮೆನಾ ಆಂಟಿ ಬೆಳಗಿನ ಪೂಜೆ ಮುಗಿಸಿ ಇಗರ್ಜಿಯಿಂದ ಬಂದರು, ತಲೆಯ ಮೇಲಿನ ವಸ್ತ್ರವನ್ನೂ ತೆಗೆದಿರಲಿಲ್ಲ. ತಪೇಲಿ ತಮ್ಮದೇ ಎಂದರು. ಕಲಾಯಿ ಹೋಗಿದ್ದರಿಂದ ಅದನ್ನು ಅಡುಗೆಗೆ ಬಳಸದೆ ಮೇಲಿನ ಅಟ್ಟದಲ್ಲಿ ಇಟ್ಟಿದ್ದರಂತೆ. ಹಾಲು ಉಕ್ಕಿಸುವ ರೂಢಿಯೇ ಅವರಿಗೆ ಗೊತ್ತಿರಲಿಲ್ಲ. ನಾನು ವಿವರಿಸಿದಾಗ, ಬೇಕೆಂದೇ ಹಾಲು ಚೆಲ್ಲುತ್ತೀರಾ ಎಂದು ಹುಬ್ಬೇರಿಸಿದರು. ನಮಗಿಂತ ಮೊದಲು ನಮ್ಮ ಕಡೆಯವರು ಯಾರಾದರೂ ಅಲ್ಲಿದ್ದರೇ ಎಂದು ಕೇಳಿದೆ. ಬರೀ ಪ್ರವಾಸಿಗರು, ಅವರು ಅಡುಗೆಮನೆಗೆ ಕಾಲೇ ಇಡುತ್ತಿರಲಿಲ್ಲ ಎಂದು ಹೇಳಿ, ತಪೇಲಿಯತ್ತ ಇನ್ನೊಮ್ಮೆ ನೋಡಿ ಶಿಲುಬೆಯ ಗುರುತು ಮಾಡಿಕೊಂಡು ಮೇಲೆ ಹೋದರು.

ನನಗೆ ನಿಜವಾಗಿ ಹೆದರಿಕೆಯಾಯಿತು. ಯಾರ ಹಾಲೋ, ಏನು ಹಾಲೋ, ಮೋರಿಗೆ ಸುರಿದುಬಿಡೋಣ ಎಂದು ತಪೇಲಿಗೆ ಕೈ ಹಾಕಿದೆ. ಇದನ್ನು ಮಾಡಿದವನು ನಾನಲ್ಲ ಎಂದು ಸುಧಾಳಿಗೆ ಎರಡೆರಡು ಸಲ ಹೇಳಿದೆ. ಅಲ್ಲಿಯವರೆಗೆ ಬಾಗಿಲ ಬಳಿಯೇ ನಿಂತಿದ್ದವಳು ಚೀಲವನ್ನು ನೆಲಕ್ಕಿಟ್ಟು ಹತ್ತಿರ ಬಂದು ನನ್ನ ಕೈ ಹಿಡಿದಳು. ಎಷ್ಟೋ ತಿಂಗಳ ಮೇಲೆ ಅವಳು ನನ್ನನ್ನು ಮುಟ್ಟಿದ್ದು.

“ನೀವಲ್ಲ ಅಂತ ಗೊತ್ತೈತ್ರಿ. ನಿಮಗ ಇಷ್ಟು ಚಂದ ಸುಳ್ಳು ಬರೂದಿಲ್ಲ. ಯಾರರ ಉಕ್ಕಿಸಿರ್‍ಲಿ. ಈ ಸಲ ನಮ್ಮ ಕೈಲೆ ಉಕ್ಕಿದ್ದಲ್ಲ, ಅಷ್ಟ ಸಾಕು.”

ಸೆರಗಿನಿಂದ ತಪೇಲಿ ಹಿಡಿದು, ಪಕ್ಕದಲ್ಲಿ ಬಿದ್ದಿದ್ದ ಅದರ ಮುಚ್ಚಳಕ್ಕೇ ಒಂದಿಷ್ಟು ಬಗ್ಗಿಸಿಕೊಂಡು, ಆರಿಸಿ ಕುಡಿದಳು. ಸಕ್ಕರೆಯೂ ಇರಲಿಲ್ಲ. ನಾನು ಕುಡಿಯಲಿಲ್ಲ. ಹಾಲು ಯಾವ ದಿಕ್ಕಿಗೆ ಚೆಲ್ಲಿತ್ತೆಂದು ನೋಡುವುದು ಆ ಗಡಿಬಿಡಿಯಲ್ಲಿ ನನಗೆ ಹೊಳೆಯಲೇ ಇಲ್ಲ. ಅವಳು ನೋಡಿರಬಹುದು, ಹೇಳಿಲ್ಲ, ನಾನೂ ಕೇಳಿಲ್ಲ.

ಆಮೇಲೆ ಈ ವರ್ಷಗಳಲ್ಲಿ ನಾನು ಹೂಡದ ತರ್ಕವಿಲ್ಲ. ಆಂಟಿಯ ಬಳಿ ಇನ್ನೊಂದು ಕೀಲಿ ಇತ್ತೆಂದೇ ಇಟ್ಟುಕೊಳ್ಳೋಣ. ಯಾರೋ ಬೇರೆಡೆ ಕಾಯಿಸಿ ತಂದಿಟ್ಟರೆಂದು ಇಟ್ಟುಕೊಳ್ಳೋಣ. ಹಾಗಾದರೆ ಬರ್ನರ್ ಏಕೆ ಬಿಸಿಯಿತ್ತು? ಇಲ್ಲಿಗೆ ಬಂದು ಪ್ರತಿ ಸಲವೂ ನಿಲ್ಲುತ್ತೇನೆ. ಕಾರ್ಖಾನೆಯಲ್ಲಿ ಯಾರಾದರೂ ಇಂಥ ವರದಿ ತಂದಿದ್ದರೆ, ರಾತ್ರಿ ಪಾಳಿಯಲ್ಲಿ ನಿದ್ದೆ ಮಾಡಿದ್ದೀಯ ಎಂದು ಬೈದು ಕಳಿಸುತ್ತಿದ್ದೆ.

ಆ ದಿನ ಮಧ್ಯಾಹ್ನ ಬಸ್ಸಿನ ಹೊತ್ತು ಮೀರಿತು. ಅವಳು ಒಲೆಯನ್ನು ಒರೆಸಿದಳು, ಹಿತ್ತಲ ಬಾಗಿಲ ಅಗಳಿ ತೆಗೆದು ಹೊರಗೆ ನೋಡಿದಳು. ಆಮೇಲೆ ನನ್ನ ಕಡೆಗೆ ತಿರುಗದೆಯೇ ಕೇಳಿದಳು:

“ನಮ್ಮವ್ವ ತನ್ನ ಹಳೇ ಸೀರಿ ಹರದು ಒಂದು ಸಣ್ಣ ಕೌದಿ ಹೊಲದಿದ್ಲಲ್ರಿ, ಕೂಸಿಗಂತ. ಅದನ್ನ ಯಾರಿಗೂ ಕೊಟ್ಟಿಲ್ಲಲ್ಲ?”

ಕೊಟ್ಟಿಲ್ಲ ಎಂದೆ. ಪೋಂಡಾದ ಮನೆಯ ಟ್ರಂಕಿನಲ್ಲಿ ಮಡಿಸಿದ್ದು ಮಡಿಸಿದಂತೆಯೇ ಇತ್ತು, ಅದನ್ನು ಮುಟ್ಟುವ ಧೈರ್ಯ ನನಗೂ ಆಗಿರಲಿಲ್ಲ.

“ಹಂಗಾರ ನಾಳಿ ತರ್ರಿ” ಎಂದಳು.

ಆ ಹಾಲನ್ನು ಉಕ್ಕಿಸಿದವರು ಯಾರೆಂದು ಇಂದಿಗೂ ನನಗೆ ಗೊತ್ತಿಲ್ಲ. ಕೌದಿಯನ್ನು ಮಾತ್ರ ನಾಳೆಯವರೆಗೂ ಕಾಯದೆ ಅವತ್ತೇ ಹೋಗಿ ತಂದೆ.